ಬಾಡಿಗೆ ಮನೆಗೆ ದುಡ್ಡು ಹಾಕುವ ಮುಂಚೆ: ಯಾವ ಅಪಾಯ, ಯಾರ ಹೊಣೆ, ಎಷ್ಟು ದಂಡ

ಬಾಡಿಗೆಗೆ ಕೊಡೋಕೆ ಅಂತ ಮನೆ ಕೊಳ್ಳುವವರು ಹೆಚ್ಚಾಗಿ ಎರಡೇ ಲೆಕ್ಕ ಹಾಕುತ್ತಾರೆ. ಮನೆಯ ಬೆಲೆ ಎಷ್ಟು, ತಿಂಗಳ ಬಾಡಿಗೆ ಎಷ್ಟು. ನನ್ನನ್ನು ಯಾರಾದರೂ ಸಲಹೆ ಕೇಳಿದರೆ ನಾನು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತೇನೆ. ನಡುರಾತ್ರಿ ಪೈಪ್ ಒಡೆದರೆ ಫೋನ್ ಯಾರಿಗೆ ಬರುತ್ತದೆ? ಗ್ಯಾಸ್ ಲೈನ್ ತಪಾಸಣೆಯ ತಾರೀಕು ಯಾರಿಗೆ ನೆನಪಿದೆ? ಬಾಡಿಗೆದಾರರು ಕೊಟ್ಟ ಠೇವಣಿ ಈಗ ಯಾವ ಖಾತೆಯಲ್ಲಿದೆ? 'ನಾವೆಲ್ಲಾ ಸೇರಿ ನೋಡ್ಕೊಳ್ತೀವಿ' ಅಂದರೆ ನನಗೆ ಸಮಾಧಾನವಿಲ್ಲ. ಒಬ್ಬರ ಹೆಸರು ಬೇಕು.

ನಾನು, ನನ್ನ ಅಕ್ಕ, ಭಾವ ಮೂವರೂ ಸೇರಿ ಬಾಡಿಗೆ ಮನೆಗಳಿಗೆ ದುಡ್ಡು ಹಾಕಿದ್ದೇವೆ. ಲೆಕ್ಕಪತ್ರ ನನ್ನ ಪಾಲಿಗೆ. ರಿಪೇರಿ, ತಪಾಸಣೆ ಭಾವನದು. ಬಾಡಿಗೆದಾರರ ಜೊತೆ ಮಾತುಕತೆ ಅಕ್ಕನದು. ಒಂದೊಂದು ಮನೆಗೂ ಒಂದೊಂದು ಹಾಳೆ ಇಟ್ಟಿದ್ದೇವೆ. ಅದರಲ್ಲಿ ನಾಲ್ಕು ಕಾಲಂ. ಏನು ಕೆಡಬಹುದು, ಯಾರು ಹೊಣೆ, ಯಾವ ತಾರೀಕಿನೊಳಗೆ, ಮಾಡದೇ ಹೋದರೆ ಕೈಯಿಂದ ಹೋಗುವ ದುಡ್ಡು ಎಷ್ಟು. ಮೂರನೇ ಮತ್ತು ನಾಲ್ಕನೇ ಕಾಲಂ ತುಂಬಿಸುವಾಗ ಬೇಸರ ಬರುತ್ತದೆ. ಆದರೆ ಈ ವ್ಯವಹಾರದಲ್ಲಿ ದುಡ್ಡು ಸೋರುವುದು ಅಲ್ಲೇ. ಈ ಹಾಳೆಯನ್ನು ಹೇಗೆ ತುಂಬಿಸಬೇಕು ಅನ್ನುವುದನ್ನೇ ಮುಂದೆ ಬರೆದಿದ್ದೇನೆ.

ಮೊದಲು ಲೆಕ್ಕ

ಯಾವ ದೇಶದ ದುಡ್ಡಾದರೂ ಇರಲಿ, ಬಾಡಿಗೆ ತಿಂಗಳಿಗೆ 100 ಅಂತ ಇಟ್ಟುಕೊಳ್ಳಿ. ಮನೆಯ ಬೆಲೆ 20,000. ವರ್ಷಕ್ಕೆ 1,200 ಬಂತು, ಅಂದರೆ ಶೇ. 6. ಮಾರುವವರು ಹೇಳುವುದು ಇಲ್ಲಿಗೆ ಮುಗಿಯಿತು.

ಈಗ ಕಳೆಯುತ್ತಾ ಹೋಗಿ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಹೋಯಿತು: 100. ಒಂದು ತಿಂಗಳು ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ವರ್ಷದ ಆದಾಯದಲ್ಲಿ ಶೇ. 8ಕ್ಕಿಂತ ಜಾಸ್ತಿ. ರಿಪೇರಿಗೆ ಮನೆ ಬೆಲೆಯ ಶೇ. 1 ತೆಗೆದಿಡಿ: 200. ವಿಮೆ, ಆಸ್ತಿ ತೆರಿಗೆ, ನಿರ್ವಹಣಾ ಶುಲ್ಕ ಎಲ್ಲಾ ಸೇರಿ 120. ಮನೆ ನೋಡಿಕೊಳ್ಳುವವರಿಗೆ ಬಂದ ಬಾಡಿಗೆಯಲ್ಲಿ ಹತ್ತನೇ ಒಂದು ಭಾಗ: 110. ನೀವೇ ನೋಡಿಕೊಂಡರೂ ಇದನ್ನು ಕಳೆಯಿರಿ. ನಿಮ್ಮ ಸಮಯಕ್ಕೂ ಬೆಲೆ ಇದೆ ಅಲ್ವಾ? ಒಟ್ಟು 530 ಹೋಯಿತು. ಉಳಿದದ್ದು 670, ಅಂದರೆ ಶೇ. 3.35.

ಇದಕ್ಕೆ 12,000 ಸಾಲ ಇದೆ ಅಂದುಕೊಳ್ಳಿ. ಬಡ್ಡಿ ಶೇ. 5 ಇದ್ದರೆ ವರ್ಷಕ್ಕೆ 600. ಕೈಯಲ್ಲಿ 70 ಉಳಿಯಿತು. ಬಡ್ಡಿ ಶೇ. 7.5 ಆದರೆ 900. ಈಗ ವರ್ಷಕ್ಕೆ 230 ಜೇಬಿನಿಂದ ಹಾಕಬೇಕು. ಅಸಲು ಕಟ್ಟುವ ಮಾತು ಇನ್ನೂ ಬಂದೇ ಇಲ್ಲ. ಎರಡೂವರೆ ಪರ್ಸೆಂಟ್ ಏರಿಕೆ ಆಗುತ್ತದೆಯೇ ಅಂತ ಕೇಳಬೇಡಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಭಾರತದ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಏರಿಸಿತು. ಅಮೆರಿಕದಲ್ಲಿ ಏರಿಕೆ ಇನ್ನೂ ಕಡಿದಾಗಿತ್ತು. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇದ್ದ ದರ 2023ರ ಜುಲೈ ಹೊತ್ತಿಗೆ ಶೇ. 5 ದಾಟಿತ್ತು.

ಅದಕ್ಕೇ ನಮ್ಮ ಹಾಳೆಯ ಮೊದಲ ಸಾಲು ಬಡ್ಡಿ. ಸಾಲ ಸ್ಥಿರ ದರದ್ದೋ, ಬದಲಾಗುವಂಥದ್ದೋ? ಬದಲಾಗುವುದಾದರೆ ಮುಂದಿನ ಬದಲಾವಣೆ ಯಾವಾಗ? ಬೇಗ ತೀರಿಸಿದರೆ ಬ್ಯಾಂಕ್ ದಂಡ ಹಾಕುತ್ತದೆಯೇ? ಇದಕ್ಕೆ ನಾನು ಹೊಣೆ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರುವ ತನಕ ಇನ್ನೊಂದು ಮನೆಯ ಮಾತು ಎತ್ತುವಂತಿಲ್ಲ ಅನ್ನುವುದು ನಮ್ಮ ನಿಯಮ.

ಬಾಡಿಗೆ ಪೂರ್ತಿ ನಿಂತುಹೋಗುವ ದಿನವೂ ಬರಬಹುದು. 2020ರಲ್ಲಿ ಕೋವಿಡ್ ಬಂದಾಗ ಹಲವು ದೇಶಗಳು ಬಾಡಿಗೆದಾರರನ್ನು ಹೊರಹಾಕುವುದನ್ನೇ ತಡೆದವು. ಅಮೆರಿಕದಲ್ಲಿ ರೋಗ ನಿಯಂತ್ರಣ ಕೇಂದ್ರ ಆ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶ, 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯುವ ತನಕ ನಡೆಯಿತು. ಬಾಡಿಗೆದಾರರಿಗೆ ಅದು ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಾಲದ ಕಂತನ್ನು ಪೂರ್ತಿ ಬಾಡಿಗೆಯ ಮೇಲೇ ನಿಲ್ಲಿಸಿದ್ದ ಸಣ್ಣ ಓನರ್‌ಗಳು ಬಹಳ ಕಷ್ಟಪಟ್ಟರು.

ಠೇವಣಿ ನಿಮ್ಮ ದುಡ್ಡಲ್ಲ

ಇದನ್ನು ನಾನು ಒತ್ತಿ ಹೇಳುತ್ತೇನೆ. ಠೇವಣಿ, ಅಡ್ವಾನ್ಸ್, ಏನೇ ಕರೆಯಿರಿ, ಅದು ಬಾಡಿಗೆದಾರರ ದುಡ್ಡು. ನಿಮ್ಮ ಹತ್ತಿರ ಇದೆ ಅಷ್ಟೇ. ಅದನ್ನು ಬಣ್ಣ ಹೊಡೆಸಲು, ಇನ್ನೊಂದು ಮನೆಯ ಮುಂಗಡಕ್ಕೆ, ಮಗಳ ಫೀಸಿಗೆ ಬಳಸುವವರನ್ನು ನೋಡಿದ್ದೇನೆ. ಬಾಡಿಗೆದಾರರು ಖಾಲಿ ಮಾಡುವ ದಿನ ಕೈಯಲ್ಲಿ ಇರುವುದಿಲ್ಲ. ಆಗ ಗೋಡೆಯ ಗೀರು, ನಲ್ಲಿಯ ತುಕ್ಕು ಎಲ್ಲಾ ದೊಡ್ಡದಾಗಿ ಕಾಣಲು ಶುರುವಾಗುತ್ತದೆ. ಜಗಳ ಹುಟ್ಟುವುದೇ ಹೀಗೆ.

ಬೇರೆ ಬೇರೆ ದೇಶಗಳು ಇದನ್ನು ಎಷ್ಟು ಗಂಭೀರವಾಗಿ ನೋಡುತ್ತವೆ ಅಂದರೆ, ಇಂಗ್ಲೆಂಡಿನಲ್ಲಿ ಠೇವಣಿಯನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ 30 ದಿನದೊಳಗೆ ದಾಖಲಿಸಬೇಕು. ಬಾಡಿಗೆದಾರರಿಗೆ ಅದರ ವಿವರವನ್ನೂ ಕೊಡಬೇಕು. ತಪ್ಪಿದರೆ ಠೇವಣಿಯ ಒಂದರಿಂದ ಮೂರು ಪಟ್ಟು ತೆರುವಂತೆ ಕೋರ್ಟ್ ಹೇಳಬಹುದು. ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಬಾಡಿಗೆದಾರರು ಅದನ್ನು ಮೂರು ಕಂತಿನಲ್ಲಿ ಕೊಡಬಹುದು. ಓನರ್ ಅದನ್ನು ತನ್ನ ಸ್ವಂತ ದುಡ್ಡಿನಿಂದ ಬೇರೆ ಇಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಉಳಿದ ಠೇವಣಿ ಮತ್ತು ಕಡಿತದ ಪಟ್ಟಿ ಎರಡೂ ಕೊಡಬೇಕು. ಕೆಟ್ಟ ಉದ್ದೇಶದಿಂದ ಇಟ್ಟುಕೊಂಡರೆ ಠೇವಣಿಯ ಎರಡು ಪಟ್ಟಿನ ತನಕ ಮೇಲಿಂದ ತೆರಬೇಕಾಗಬಹುದು. ಕೆನಡಾದ ಒಂಟಾರಿಯೊದಲ್ಲಿ ಹಾನಿಗೆ ಅಂತ ಠೇವಣಿ ತೆಗೆದುಕೊಳ್ಳುವಂತೆಯೇ ಇಲ್ಲ. ಕೊನೆಯ ತಿಂಗಳ ಬಾಡಿಗೆ ಮಾತ್ರ ಮುಂಗಡವಾಗಿ ಪಡೆಯಬಹುದು. ಭಾರತದಲ್ಲಿ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಆದರೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿಯಾಗುತ್ತದೆ.

ನಿಮ್ಮ ಊರಿನ ನಿಯಮ ಯಾವುದೇ ಇರಲಿ, ಮಾಡಬೇಕಾದ ಕೆಲಸ ಒಂದೇ. ಠೇವಣಿಗೆ ಪ್ರತ್ಯೇಕ ಖಾತೆ ತೆರೆಯಿರಿ. ಬಾಡಿಗೆದಾರರು ಮನೆಗೆ ಬರುವ ದಿನ ಇಬ್ಬರೂ ಕೂಡಿ ಪ್ರತಿ ಕೋಣೆಯ ಫೋಟೋ ತೆಗೆಯಿರಿ. ತಾರೀಕು ಕಾಣಬೇಕು. ಕಿಟಕಿ, ಸಿಂಕಿನ ಕೆಳಗೆ, ಸ್ವಿಚ್ ಬೋರ್ಡ್, ಬಚ್ಚಲಿನ ಮೂಲೆ, ಇವನ್ನು ಬಿಡಬೇಡಿ. ಎರಡೂ ಕಡೆಯವರು ಪಟ್ಟಿಗೆ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಖಾಲಿ ಮಾಡುವ ದಿನ ಅದೇ ಪಟ್ಟಿ ಹಿಡಿದು ಅದೇ ಕ್ರಮದಲ್ಲಿ ನೋಡಿ. ಬಳಸಿ ಸವೆದದ್ದಕ್ಕೆ ದುಡ್ಡು ಹಿಡಿಯಬೇಡಿ. ಐದು ವರ್ಷ ವಾಸವಿದ್ದ ಮನೆಯ ಬಣ್ಣ ಮಾಸುತ್ತದೆ. ಅದು ಹಾನಿ ಅಲ್ಲ. ಬಾಗಿಲಿಗೆ ತೂತು ಬಿದ್ದಿದ್ದರೆ ಹಾನಿ. ಅದಕ್ಕೂ ರಿಪೇರಿಯ ಬಿಲ್ಲು ತೋರಿಸಿಯೇ ಹಿಡಿಯಬೇಕು. ನಮ್ಮಲ್ಲಿ ಅಕ್ಕ ಈ ಪಟ್ಟಿ ಮಾಡುತ್ತಾಳೆ, ನಾನು ದುಡ್ಡು ವಾಪಸ್ ಮಾಡುತ್ತೇನೆ. ಪಟ್ಟಿ ಮಾಡಿದವರ ಕೈಯಲ್ಲೇ ದುಡ್ಡು ಇರಬಾರದು.

ಪ್ರಾಣದ ವಿಷಯ

ಬಾಕಿ ಎಲ್ಲಾ ಅಪಾಯ ದುಡ್ಡಿನದು. ಗ್ಯಾಸ್, ಕರೆಂಟು, ಬೆಂಕಿ ಈ ಮೂರು ಹಾಗಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಟ್ಟ ಗೀಸರೋ ಹೀಟರೋ ಇರುವ ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಆ ಮನೆಯ ಬಾಡಿಗೆ ತೆಗೆದುಕೊಳ್ಳುವವರು ನೀವು. ಆದ್ದರಿಂದ ಇದನ್ನು ದಂಡದ ಹೆದರಿಕೆಗೆ ಅಂತ ಮಾಡಬೇಡಿ. ಒಬ್ಬರ ಮಕ್ಕಳು ಅಲ್ಲಿ ಮಲಗುತ್ತಾರೆ ಅಂತ ಮಾಡಿ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ನೋಂದಾಯಿತ ಎಂಜಿನಿಯರ್ ವರ್ಷಕ್ಕೊಮ್ಮೆ ನೋಡಲೇಬೇಕು. ವರದಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ತಪ್ಪಿದರೆ ಅದು ಅಪರಾಧ. 2020ರ ನಿಯಮದ ಪ್ರಕಾರ ವಿದ್ಯುತ್ ವೈರಿಂಗ್ ತಪಾಸಣೆ ಕನಿಷ್ಠ ಐದು ವರ್ಷಕ್ಕೊಮ್ಮೆ ಆಗಬೇಕು. ಪ್ರತಿ ಮಹಡಿಗೂ ಹೊಗೆ ಪತ್ತೆ ಮಾಡುವ ಅಲಾರಂ ಇರಬೇಕು. ಅಮೆರಿಕದಲ್ಲಿ 1978ಕ್ಕಿಂತ ಹಳೆಯ ಮನೆ ಬಾಡಿಗೆಗೆ ಕೊಟ್ಟರೆ ಸೀಸದ ಬಣ್ಣದ ಬಗ್ಗೆ ಗೊತ್ತಿರುವುದನ್ನು ಮುಂಚೆಯೇ ಬರೆದು ತಿಳಿಸಬೇಕು. 1992ರ ಕಾನೂನು ಅದು. ಗೊತ್ತಿದ್ದೂ ಮುಚ್ಚಿಟ್ಟರೆ ಬಾಡಿಗೆದಾರರಿಗೆ ಆದ ನಷ್ಟದ ಮೂರು ಪಟ್ಟು ತೆರಬೇಕಾಗಬಹುದು. ಸಣ್ಣ ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿ ವಾಪಸ್ ಸರಿಹೋಗುವಂಥದ್ದಲ್ಲ.

ನಿಮ್ಮಲ್ಲಿ ಇಂಥ ಕಾನೂನು ಇಲ್ಲದಿರಬಹುದು. ಆದರೂ ಈ ತಾರೀಕುಗಳನ್ನು ಹಾಗೇ ಎತ್ತಿಕೊಳ್ಳಿ. ವರ್ಷಕ್ಕೊಮ್ಮೆ ಗ್ಯಾಸ್, ಐದು ವರ್ಷಕ್ಕೊಮ್ಮೆ ವೈರಿಂಗ್. ಮೆಕ್ಯಾನಿಕ್ ಬಂದು ನೋಡಿ ಹೋದರೆ ಸಾಲದು. ಏನು ನೋಡಿದರು, ಏನು ಸರಿಯಿಲ್ಲ, ಯಾವತ್ತು ಸರಿಮಾಡಿದರು ಅಂತ ಕಾಗದದಲ್ಲಿ ಇರಬೇಕು. ಭಾವ ಈ ಕಾಗದಗಳನ್ನು ಫೋಟೋ ತೆಗೆದು ನಮ್ಮ ಮೂವರಿಗೂ, ಬಾಡಿಗೆದಾರರಿಗೂ ಕಳಿಸುತ್ತಾರೆ. ಯಾವುದಾದರೂ ತಪಾಸಣೆಯ ತಾರೀಕು ದಾಟಿತು ಅಂದರೆ ಆ ತಿಂಗಳ ಅವರ ಪಾಲಿನ ಲಾಭ ನಾನು ಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ಕೊಡುತ್ತೇನೆ. ಈ ನಿಯಮ ಹಾಕೋಣ ಅಂದವರು ಅವರೇ.

ಬಾಡಿಗೆದಾರರು ಏನಾದರೂ ಕೆಟ್ಟಿದೆ ಅಂತ ಹೇಳಿದರೆ ಬರೆದೇ ಹೇಳಲಿ, ನೀವೂ ಬರೆದೇ ಉತ್ತರಿಸಿ. ಮೆಸೇಜ್ ಸಾಕು. ನನ್ನ ಪರಿಚಯದವರ ಮನೆಯಲ್ಲಿ ಸಿಂಕಿನ ಕೆಳಗೆ ನೀರು ಜಿನುಗುತ್ತಿತ್ತು. ಬಾಡಿಗೆದಾರರು ಬ್ರೋಕರ್‌ಗೆ ಹೇಳಿದರು, ಬ್ರೋಕರ್ ಓನರ್‌ನ ತಮ್ಮನಿಗೆ ಹೇಳಿದರು. ತಮ್ಮ ಅಣ್ಣನಿಗೆ ಗೊತ್ತಿದೆ ಅಂದುಕೊಂಡರು. ಕೊನೆಗೆ ಕೆಳಗಿನ ಮನೆಯ ಛಾವಣಿ ಕಿತ್ತು ಬಂತು. ವಾಷರ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ಎಲ್ಲರಿಗೂ ವಿಷಯ ಗೊತ್ತಿತ್ತು, ಯಾರ ಹೆಸರಿಗೂ ಕೆಲಸ ಇರಲಿಲ್ಲ.

ಕರಾರಿನಲ್ಲಿ ಬರೆಯುವ ದಂಡ

ಬಾಡಿಗೆ ತಡವಾದರೆ ದಿನಕ್ಕೆ ಇಷ್ಟು ಅಂತ ದೊಡ್ಡ ದಂಡ ಬರೆದರೆ ಎದುರಿನವರು ಹೆದರುತ್ತಾರೆ ಅಂತ ಹಲವರು ನಂಬಿದ್ದಾರೆ. ಕೋರ್ಟು ಹಾಗೆ ನೋಡುವುದಿಲ್ಲ. ಭಾರತದ 1872ರ ಕರಾರು ಕಾಯ್ದೆಯ 74ನೇ ಕಲಂ ಏನು ಹೇಳುತ್ತದೆ ಗೊತ್ತಾ? ಕರಾರಿನಲ್ಲಿ ಬರೆದ ಮೊತ್ತ ಬರೀ ಮೇಲಿನ ಮಿತಿ. ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಇಂಗ್ಲೆಂಡಿನಲ್ಲಿ 2019ರ ಕಾನೂನಿನ ಪ್ರಕಾರ ಬಾಡಿಗೆ 14 ದಿನ ತಡವಾದ ಮೇಲಷ್ಟೇ ಬಡ್ಡಿ ಕೇಳಬಹುದು. ಅದೂ ಬ್ಯಾಂಕ್ ಆಫ್ ಇಂಗ್ಲೆಂಡ್ ಮೂಲ ದರಕ್ಕಿಂತ ಶೇ. 3 ಜಾಸ್ತಿ ಮೀರುವಂತಿಲ್ಲ. ಅದಕ್ಕಿಂತ ಹೆಚ್ಚು ವಸೂಲಿ ಮಾಡಿದರೆ ದಂಡ ಬೀಳುವುದು ಓನರ್‌ಗೆ.

ನಮ್ಮ ಕರಾರಿನಲ್ಲಿ ಹೀಗಿದೆ. ಬಾಡಿಗೆಯ ತಾರೀಕು, ಐದು ದಿನದ ಸಡಿಲಿಕೆ, ಅದಾದ ಮೇಲೆ ಸಣ್ಣ ಬಡ್ಡಿ. ಅದರ ಪಕ್ಕದಲ್ಲೇ ನಮಗೂ ಗಡುವು ಇದೆ. ನೀರು, ಕರೆಂಟು ಕೆಟ್ಟರೆ ಒಂದು ದಿನದೊಳಗೆ ಮೆಕ್ಯಾನಿಕ್ ಬರಬೇಕು. ಬರದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಬಿಲ್ಲನ್ನು ಬಾಡಿಗೆಯಲ್ಲಿ ಕಳೆಯಬಹುದು. ಕರಾರಿನ ಗಡುವು ಇಬ್ಬರಿಗೂ ಇದ್ದರೆ ಬಾಡಿಗೆ ಸರಿಯಾದ ಹೊತ್ತಿಗೆ ಬರುತ್ತದೆ, ಇದು ನನ್ನ ಅನುಭವ.

ನೋಂದಣಿಯನ್ನೂ ನೋಡಿಕೊಳ್ಳಿ. ಭಾರತದಲ್ಲಿ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ. ನೋಂದಾಯಿಸಬೇಕಾದ್ದನ್ನು ನೋಂದಾಯಿಸದೇ ಬಿಟ್ಟರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ.

ಬಾಡಿಗೆದಾರರು ಕೊಡದೇ ಇದ್ದರೆ? ಮೊದಲ ವಾರದಲ್ಲೇ ಮಾತಾಡಿ. ಕೆಲಸ ಹೋಗಿರಬಹುದು, ಆಸ್ಪತ್ರೆ ಇರಬಹುದು. ಎರಡು ತಿಂಗಳಿಗೆ ಹಂಚಿಕೊಡುವ ಮಾತಾದರೆ ಬರೆದಿಡಿ. ಅದೂ ಆಗಲಿಲ್ಲ ಅಂದರೆ ಕಾನೂನಿನ ನೋಟಿಸ್. ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಕರೆಂಟು ಕೀಳುವುದು, ಸಾಮಾನು ಹೊರಗಿಡುವುದು, ಇವು ಯಾವತ್ತೂ ಬೇಡ. ಇಂಗ್ಲೆಂಡಿನಲ್ಲಿ 1977ರ ಕಾನೂನಿನಡಿ ಇದು ಜೈಲಿನ ತನಕ ಹೋಗುವ ಅಪರಾಧ. ಭಾರತದ ಮಾದರಿ ಕಾಯ್ದೆಯೂ ಅಗತ್ಯ ಸೌಲಭ್ಯ ನಿಲ್ಲಿಸುವುದನ್ನು ತಡೆಯುತ್ತದೆ. ಅದೇ ಕಾಯ್ದೆ ಓನರ್ ಕಡೆಯನ್ನೂ ನೋಡಿದೆ. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ಬಾಡಿಗೆಯ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು. ಕೋರ್ಟಿನ ದಾರಿ ನಿಧಾನ ಅನ್ನುವುದು ನಿಜ. ಆ ನಿಧಾನದ ಖರ್ಚನ್ನೇ ಹಾಳೆಯ ನಾಲ್ಕನೇ ಕಾಲಂನಲ್ಲಿ ಬರೆಯಿರಿ.

ಬಾಡಿಗೆದಾರರನ್ನು ಆರಿಸುವಾಗಲೂ ಕೈಯಲ್ಲಿ ಬರೆದ ನಿಯಮ ಇರಲಿ. ಆದಾಯ ಬಾಡಿಗೆಯ ಎಷ್ಟು ಪಟ್ಟು ಇರಬೇಕು, ಹಿಂದಿನ ಓನರ್ ಹತ್ತಿರ ಏನು ಕೇಳಬೇಕು, ಯಾವ ದಾಖಲೆ ಬೇಕು. ಎಲ್ಲರಿಗೂ ಒಂದೇ ಪ್ರಶ್ನೆ. ಅಮೆರಿಕದಲ್ಲಿ 1968ರ ಕಾನೂನು ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ಇಲ್ಲ ಅನ್ನುವುದನ್ನು ತಡೆಯಿತು. 1974ರಲ್ಲಿ ಲಿಂಗ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಸೇರಿದವು. ನನ್ನ ಮಟ್ಟಿಗೆ ಇದಕ್ಕೆ ಕಾನೂನು ಬೇಕಾಗಿಲ್ಲ. ಹೆಸರು ಕೇಳಿ ಬಾಗಿಲು ಹಾಕುವುದು ತಪ್ಪು.

ವಿಮೆ, ತೆರಿಗೆ

ವಿಮೆಯಲ್ಲಿ ಎರಡು ಸಾಲು ಹುಡುಕಿ. ಸ್ವಂತ ವಾಸದ ಪಾಲಿಸಿ ಬಾಡಿಗೆಗೆ ಕೊಟ್ಟ ಮನೆಗೆ ನಡೆಯದೇ ಇರಬಹುದು. ಮನೆ 30 ಅಥವಾ 60 ದಿನ ಸತತ ಖಾಲಿ ಇದ್ದರೆ ರಕ್ಷಣೆ ಕಡಿಮೆ ಮಾಡುವ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಬಾಡಿಗೆದಾರರ ಸಾಮಾನು ನಿಮ್ಮ ಪಾಲಿಸಿಯಲ್ಲಿ ಇರುವುದಿಲ್ಲ. ಅದನ್ನು ಮೊದಲೇ ಅವರಿಗೆ ಹೇಳಿ.

ದಿನಗಳ ಲೆಕ್ಕದಲ್ಲಿ ಕೊಡುವ ಯೋಚನೆ ಇದ್ದರೆ ಮೊದಲು ನಗರದ ನಿಯಮ ಓದಿ. ಸಿಂಗಪುರದಲ್ಲಿ ಖಾಸಗಿ ಮನೆಗೆ ಮೂರು ತಿಂಗಳಿಗಿಂತ ಕಡಿಮೆ ಬಾಡಿಗೆ ಇಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ 30 ದಿನಕ್ಕಿಂತ ಕಡಿಮೆ ಕೊಡಲು ನೋಂದಣಿ ಬೇಕು, ಮನೆಯವರೂ ಅಲ್ಲೇ ಇರಬೇಕು.

ತೆರಿಗೆಯಲ್ಲಿ ನಗದು ಬಾಡಿಗೆ ಮುಚ್ಚಿಡುವ ಆಸೆ ಬೇಡ. ತೆರಿಗೆ, ಬಡ್ಡಿ, ದಂಡ ಮೂರೂ ಒಂದರ ಮೇಲೊಂದು ಕೂಡುತ್ತವೆ. ಓನರ್ ಬೇರೆ ದೇಶದಲ್ಲಿದ್ದರೆ ಇನ್ನೊಂದು ತೊಡಕು. ಭಾರತದಲ್ಲಿ ಅನಿವಾಸಿ ಓನರ್‌ಗೆ ಬಾಡಿಗೆ ಕೊಡುವವರು ಟಿಡಿಎಸ್ ಹಿಡಿದು ಕಟ್ಟಬೇಕು. ಬ್ರಿಟನ್, ಅಮೆರಿಕದಲ್ಲೂ ಹೊರದೇಶದ ಓನರ್‌ಗೆ ಹೀಗೆ ಮೂಲದಲ್ಲೇ ತೆರಿಗೆ ಹಿಡಿಯುವ ವ್ಯವಸ್ಥೆ ಇದೆ. ಅಂದರೆ ನೀವು ಹೊರದೇಶದಲ್ಲಿದ್ದೀರಿ ಅನ್ನುವುದನ್ನು ಬಾಡಿಗೆದಾರರಿಗೆ ಹೇಳದಿದ್ದರೆ ಅವರೂ ಸಿಕ್ಕಿಬೀಳುತ್ತಾರೆ.

ಜೊತೆಗಾರರು ಮತ್ತು ಮನೆ ನೋಡಿಕೊಳ್ಳುವವರು

ಏಜೆಂಟರನ್ನು ಇಟ್ಟರೆ ಕೆಲಸ ಅವರಿಗೆ ಹೋಗುತ್ತದೆ. ಕಾನೂನಿನ ಹೊಣೆ ಹೆಚ್ಚಾಗಿ ನಿಮ್ಮ ಮೇಲೇ ಉಳಿಯುತ್ತದೆ. ತಪಾಸಣೆ ಏಜೆಂಟರು ಮರೆತರೂ ನೋಟಿಸ್ ಬರುವುದು ಓನರ್ ಹೆಸರಿಗೆ. ಆದ್ದರಿಂದ ಅವರ ಕರಾರಿನಲ್ಲಿ ಮೂರು ಮಾತು ಇರಲೇಬೇಕು. ಬಾಡಿಗೆ ಬಂದ ಎಷ್ಟು ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಎಷ್ಟು ಮೊತ್ತದ ತನಕ ಕೇಳದೇ ರಿಪೇರಿ ಮಾಡಿಸಬಹುದು. ಅವರ ತಪ್ಪಿನಿಂದ ನಿಮಗೆ ದಂಡ ಬಿದ್ದರೆ ಅದನ್ನು ತುಂಬಿಕೊಡುವವರು ಯಾರು. ಮೂರನೆಯದಕ್ಕೆ ಒಪ್ಪದ ಏಜೆಂಟರ ಜೊತೆ ನಾವು ಕೆಲಸ ಮಾಡಿಲ್ಲ. ತಿಂಗಳ ಲೆಕ್ಕದ ಜೊತೆ ಬಿಲ್ಲುಗಳ ಫೋಟೋ ಬರಬೇಕು. ವರ್ಷಕ್ಕೊಮ್ಮೆಯಾದರೂ ಬಾಡಿಗೆದಾರರಿಗೆ ಮುಂಚೆ ತಿಳಿಸಿ, ನೀವೇ ಹೋಗಿ ಮನೆ ನೋಡಿ ಬನ್ನಿ.

ಅಣ್ಣ ತಮ್ಮ, ಸ್ನೇಹಿತರು ಸೇರಿ ದುಡ್ಡು ಹಾಕುವಾಗ ಬರೆದುಕೊಳ್ಳಲು ಸಂಕೋಚ. ನಮ್ಮವರೇ ಅಲ್ವಾ ಅಂತ. ಜಂಟಿ ಸಾಲಕ್ಕೆ ಸಹಿ ಹಾಕಿದರೆ ಬ್ಯಾಂಕ್ ಪೂರ್ತಿ ಮೊತ್ತವನ್ನು ಯಾರೊಬ್ಬರಿಂದಲಾದರೂ ವಸೂಲಿ ಮಾಡಬಹುದು. ನನ್ನ ಪಾಲು ಮೂರನೇ ಒಂದು ಅನ್ನುವ ಮಾತು ಬ್ಯಾಂಕಿಗೆ ಬೇಕಿಲ್ಲ. ಅದನ್ನು ತಿಳಿದ ಮೇಲೂ ಸಂಕೋಚ ಪಡುವುದು ಯಾಕೆ?

ನಾವು ಬರೆದುಕೊಂಡದ್ದು ಇಷ್ಟು. ದೊಡ್ಡ ರಿಪೇರಿಗೆ ದುಡ್ಡು ಬೇಕಾದಾಗ ಒಬ್ಬರು ತಮ್ಮ ಪಾಲು 30 ದಿನದೊಳಗೆ ತರದಿದ್ದರೆ ಉಳಿದವರು ತರಬಹುದು. ತಂದ ಮೊತ್ತ ಬಡ್ಡಿ ಸಮೇತ ಅವರಿಗೆ ಮೊದಲು ವಾಪಸ್ ಹೋಗುತ್ತದೆ. ವರ್ಷ ಕಳೆದರೂ ತೀರದಿದ್ದರೆ ಪಾಲು ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಖಾತೆಯಿಂದ ದೊಡ್ಡ ಮೊತ್ತ ತೆಗೆಯಲು ಇಬ್ಬರ ಒಪ್ಪಿಗೆ. ಒಬ್ಬರ ತಪ್ಪಿನಿಂದ ಬಿದ್ದ ಸರ್ಕಾರಿ ದಂಡ ಅವರ ಪಾಲಿನಿಂದಲೇ. ಆದರೆ ತಾರೀಕಿಗೆ ಒಂದು ತಿಂಗಳ ಮುಂಚೆ ಲೆಕ್ಕದವರು, ಅಂದರೆ ನಾನು, ನೆನಪಿಸಿರಬೇಕು. ನೆನಪಿಸದಿದ್ದರೆ ಅರ್ಧ ನನ್ನದು.

ಯಾರಾದರೂ ಹೊರಗೆ ಹೋಗಬೇಕು ಅಂದರೆ ಏನು ಮಾಡಬೇಕು ಅನ್ನುವುದನ್ನೂ ಕೊಳ್ಳುವ ಮುಂಚೆಯೇ ಬರೆಯಿರಿ. ಬೆಲೆ ಕಟ್ಟುವವರು ಹೊರಗಿನವರಾಗಿರಬೇಕು, ಆ ಖರ್ಚು ಹೋಗುವವರದು. ಉಳಿದವರಿಗೆ ಕೊಳ್ಳಲು ಆರು ತಿಂಗಳು. ಅವರು ಕೊಳ್ಳದಿದ್ದರೆ ಮನೆ ಮಾರಾಟಕ್ಕೆ. ಆಗ ಒಳಗಿರುವ ಬಾಡಿಗೆದಾರರ ಕರಾರು ಅವಧಿ ಮುಗಿಯುವ ತನಕ ನಡೆಯಬೇಕು, ಅವರ ಠೇವಣಿ ಕೊಳ್ಳುವವರ ಕೈಗೆ ಬರಹದಲ್ಲಿ ದಾಟಬೇಕು. ಒಬ್ಬರು ತೀರಿಕೊಂಡರೆ ಪಾಲು ಯಾರಿಗೆ, ಆ ಹಾಳೆಯಲ್ಲಿ ಅವರ ಕೆಲಸ ಯಾರಿಗೆ, ಇವೆರಡನ್ನೂ ಬೇರೆ ಬೇರೆ ಬರೆಯಿರಿ. ಪಾಲು ಮಕ್ಕಳಿಗೆ ಹೋಗಬಹುದು. ಗ್ಯಾಸ್ ತಪಾಸಣೆಯ ತಾರೀಕು ಮಾತ್ರ ಮಾರನೇ ದಿನದಿಂದಲೇ ಇನ್ನೊಬ್ಬರ ಹೆಸರಿಗೆ ಬರಬೇಕು.